ತೊಳ್ಕಂಡ್ರೆ ಆಯ್ತು

ಮೂವತ್ನಾಲ್ಕನೇ ವಯಸ್ಸಿನಲ್ಲಿ ನಾನು ಸ್ನಾನ ಮಾಡುವುದನ್ನು ಮತ್ತೆ ಮೊದಲಿಂದ ಕಲಿತೆ. ಆಸ್ಪತ್ರೆಯ ಬಾತ್‌ರೂಮಿನಲ್ಲಿ ಶವರ್ ಕೆಳಗೆ ನಿಂತಿದ್ದೇನೆ, ನಲ್ಲಿ ತಿರುಗಿಸಲು ಧೈರ್ಯ ಸಾಲುತ್ತಿಲ್ಲ. ಬಾಗಿಲಾಚೆ ನಿಂತಿದ್ದ ಸಿಸ್ಟರ್ "ನೀರು ಬಿಡಿ ಸಾರ್, ಏನೂ ಆಗಲ್ಲ" ಅಂತ ಮೂರನೇ ಸಲ ಕೂಗಿದರು. ನನ್ನ ಹೊಟ್ಟೆಯ ಬಲಭಾಗದಲ್ಲಿ, ಹೊಕ್ಕುಳಿಂದ ಸ್ವಲ್ಪ ಕೆಳಗೆ, ಕರುಳಿನ ತುದಿ ಹೊರಗೆ ಬಂದು ಕೂತಿತ್ತು. ಕೆಂಪಗೆ, ಒದ್ದೆಯಾಗಿ, ಬಾಯೊಳಗಿನ ಚರ್ಮದ ಹಾಗೆ. ಅದರ ಹೆಸರು ಸ್ಟೋಮಾ. ಗ್ರೀಕ್ ಭಾಷೆಯಲ್ಲಿ ಬಾಯಿ ಅಂತಲೇ ಅರ್ಥ. ಆ ಬಾಯಿಯೊಳಗೆ ನೀರು ಹೋಗಿಬಿಟ್ಟರೆ ಅನ್ನೋದು ನನ್ನ ಭಯ.

ಹೋಗಲ್ಲ. ಕರುಳು ಸದಾ ಒಳಗಿನಿಂದ ಹೊರಕ್ಕೆ ನೂಕುತ್ತಿರುತ್ತದೆ. ಮೇಲಿಂದ ಸುಮ್ಮನೆ ಬೀಳುವ ನೀರು ಒಳಗೆ ಹೋಗುವುದಿಲ್ಲ. ಸೋಪಿನ ನೊರೆ ತಾಕಿದರೂ ಉರಿಯಲ್ಲ. ಬಿ.ಇ. ಓದಿ ಹನ್ನೆರಡು ವರ್ಷ ಸಾಫ್ಟ್‌ವೇರ್ ಬರೆದವನಿಗೆ ಇಷ್ಟು ಸಣ್ಣ ವಿಷಯ ಒಬ್ಬ ಸಿಸ್ಟರ್ ಹೇಳಿಕೊಡಬೇಕಾಯಿತು.

ಕಾಯಿಲೆಯ ಕಥೆ ಚಿಕ್ಕದಾಗಿ ಹೇಳ್ತೀನಿ. ಅಲ್ಸರೇಟಿವ್ ಕೊಲೈಟಿಸ್ ಅಂತ, ದೊಡ್ಡ ಕರುಳಿನ ಒಳಗೋಡೆಯಲ್ಲಿ ಹುಣ್ಣಾಗುವ ಕಾಯಿಲೆ. ಎಂಟು ವರ್ಷ ಮಾತ್ರೆ, ಸ್ಟೀರಾಯ್ಡ್, ರಕ್ತ, ಆಫೀಸಿನಲ್ಲಿ ಟಾಯ್ಲೆಟ್ಟಿಗೆ ಹತ್ತಿರದ ಸೀಟು. ಕೊನೆಗೊಂದು ದಿನ ಔಷಧಿ ಯಾವುದೂ ಕೇಳದಾದಾಗ ದೊಡ್ಡ ಕರುಳನ್ನು ತೆಗೆದರು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದರು. ಇದಕ್ಕೆ ಇಲಿಯಾಸ್ಟಮಿ ಅಂತಾರೆ. ಅಲ್ಲಿಂದ ಬರುವುದೆಲ್ಲ ಹೊಟ್ಟೆಗೆ ಅಂಟಿಸಿದ ಒಂದು ಚೀಲಕ್ಕೆ ಬೀಳುತ್ತದೆ. ದಿನಕ್ಕೆ ಐದಾರು ಸಲ ಆ ಚೀಲ ಖಾಲಿ ಮಾಡ್ತೀನಿ, ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ಬದಲಾಯಿಸ್ತೀನಿ. ಉಳಿದಂತೆ ನಾನು ನಿಮ್ಮ ಪಕ್ಕದ ಸೀಟಿನಲ್ಲಿ ಕೂತರೂ ನಿಮಗೆ ಗೊತ್ತಾಗಲ್ಲ.

ಇವತ್ತು ಕೇಳಬೇಕು ಅಂದುಕೊಂಡಿರುವ ಪ್ರಶ್ನೆ ಬೇರೆ. ಮಲವನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡೇ ಓಡಾಡುವ ಮನುಷ್ಯ ಶುದ್ಧವೋ ಅಲ್ಲವೋ? ಆಗಬಹುದಾದರೆ ಹೇಗೆ, ಎಷ್ಟು ಹೊತ್ತಿಗೆ? ಕೇಳಿದರೆ ನಗು ಬರಬಹುದು. ಆದರೆ ಈ ಪ್ರಶ್ನೆ ನಮ್ಮ ಮನೆಯ ಪಡಸಾಲೆಯಲ್ಲೇ ಬಂದು ಕೂತಿತು. ಅದಕ್ಕೆ ಸಿಕ್ಕ ಉತ್ತರ ನನ್ನನ್ನು ಇನ್ನೊಂದು ಕಡೆಗೆ ಎಳೆದುಕೊಂಡು ಹೋಯಿತು.

ಮೊದಲು ಸ್ನಾನದ ವಿಷಯ ಮುಗಿಸ್ತೀನಿ. ಅದು ಅರ್ಥವಾಗದೆ ಮುಂದಿನದು ಅರ್ಥವಾಗಲ್ಲ.

ಚೀಲ ಹಾಕಿಕೊಂಡೇ ಸ್ನಾನ ಮಾಡಬಹುದು, ತೆಗೆದೂ ಮಾಡಬಹುದು. ಬದಲಾಯಿಸುವ ದಿನ ನಾನು ತೆಗೆದೇ ಮಾಡ್ತೀನಿ. ಅದಕ್ಕೆ ಬೆಳಗಿನ ಜಾವ, ಕಾಫಿಗೂ ಮೊದಲಿನ ಹೊತ್ತೇ ಸರಿ. ರಾತ್ರಿಯೆಲ್ಲ ಏನೂ ತಿನ್ನದ ಕಾರಣ ಕರುಳು ಸುಮ್ಮನಿರುತ್ತದೆ. ಹಳೆಯ ಫ್ಲಾಂಜನ್ನು, ಅಂದರೆ ಚರ್ಮಕ್ಕೆ ಅಂಟುವ ಪ್ಲೇಟನ್ನು, ಕಿತ್ತು ಎಳೆಯುವ ಹಾಗಿಲ್ಲ. ಒಂದು ಕೈಯಲ್ಲಿ ಚರ್ಮವನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೇಲಿಂದ ಕೆಳಕ್ಕೆ ನಿಧಾನಕ್ಕೆ ಬಿಡಿಸಬೇಕು. ಉಗುರುಬೆಚ್ಚಗಿನ ನೀರು. ಸೋಪು ಬಳಸಿದರೆ ಎಣ್ಣೆ, ಕ್ರೀಮು, ವಾಸನೆ ಇಲ್ಲದ್ದು. ಮಾಯಿಶ್ಚರೈಸರ್ ಇರುವ ಸೋಪು ಮೈಗೆ ಹಿತ, ಆದರೆ ಅದರ ಜಿಡ್ಡು ಉಳಿದರೆ ಫ್ಲಾಂಜ್ ಅಂಟಲ್ಲ. ಆಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒತ್ತಿ ಒಣಗಿಸಬೇಕು. ಉಜ್ಜುವಂತಿಲ್ಲ. ಫ್ಲಾಂಜಿನ ತೂತು ಸ್ಟೋಮಾಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ಜಾಸ್ತಿಯಾದರೆ ಆ ಸಂದಿನಲ್ಲಿ ಚರ್ಮ ಬರಿದಾಗಿ ಉಳಿಯುತ್ತದೆ. ಅಂಟಿಸಿದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಮೈಯ ಬಿಸಿಗೆ ಅಂಟು ಕೂರುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಸಣ್ಣ ಕರುಳಿಂದ ಬರುವುದು ತೆಳ್ಳಗಿರುತ್ತದೆ, ಜೀರ್ಣರಸ ತುಂಬಿರುತ್ತದೆ. ಆ ರಸಕ್ಕೆ ನಾನು ತಿಂದ ಕೋಳಿಸಾರು ಯಾವುದು, ನನ್ನ ಚರ್ಮ ಯಾವುದು ಅಂತ ಭೇದವಿಲ್ಲ. ತಾಕಿದಲ್ಲೆಲ್ಲ ಸುಡುತ್ತದೆ. ಒಂದು ರಾತ್ರಿ ಸೋರಿದರೆ ಬೆಳಗ್ಗೆ ಚರ್ಮ ಕೆಂಪಾಗಿ, ನೀರೊಸರುತ್ತಿರುತ್ತದೆ. ಒಸರುವ ಚರ್ಮಕ್ಕೆ ಹೊಸ ಫ್ಲಾಂಜ್ ಅಂಟಲ್ಲ. ಅಂಟದಿದ್ದರೆ ಮತ್ತೆ ಸೋರಿಕೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇನ್‌ಫೈನೈಟ್ ಲೂಪ್.

ಮೊದಲ ತಿಂಗಳು ನಾನು ಆ ಲೂಪಿನಲ್ಲೇ ಇದ್ದೆ. ಕಾರಣ ನಾನೇ. ನನಗೆ ನನ್ನ ಮೈ ಅಸಹ್ಯವಾಗಿತ್ತು. ದಿನಕ್ಕೆ ಮೂರು ಸಲ ಸ್ನಾನ. ಸ್ಟೋಮಾ ಸುತ್ತ ಆಂಟಿಸೆಪ್ಟಿಕ್ ದ್ರಾವಣ ಹಾಕಿ ತಿಕ್ಕುತ್ತಿದ್ದೆ. ಆಮೇಲೆ ಸ್ಪಿರಿಟ್, ಆಮೇಲೆ ಸುವಾಸನೆಯ ಪೌಡರ್. ಚರ್ಮ ಸುಲಿದು ಹೋಯಿತು. ಫಾಲೋಅಪ್‌ಗೆ ಹೋದಾಗ ಸಿಸ್ಟರ್ ನೋಡಿ ಒಂದು ಮಾತಂದರು. "ಸಾರ್, ನೀವು ಕ್ಲೀನ್ ಮಾಡ್ತಿಲ್ಲ. ಶಿಕ್ಷೆ ಕೊಡ್ತಿದೀರ." ಬರೀ ನೀರು ಸಾಕು, ಸಿಟ್ಟು ಬೇಡ ಅಂತ ಹೇಳಿ ಕಳಿಸಿದರು. ಹತ್ತು ದಿನದಲ್ಲಿ ಚರ್ಮ ಸರಿಹೋಯಿತು.

ಅವರೇ ಇನ್ನೊಂದು ಮಾತು ಹೇಳಿದ್ದರು. ಸ್ಟೋಮಾಗೆ ನೋವು ಗೊತ್ತಾಗುವ ನರಗಳಿಲ್ಲ. ಗೀರಿದರೂ, ಫ್ಲಾಂಜಿನ ಅಂಚು ಕೊಯ್ದರೂ ನಿಮಗೆ ತಿಳಿಯಲ್ಲ. "ಅದಕ್ಕೇ ದಿನಾ ಕಣ್ಣಾರೆ ನೋಡಬೇಕು. ನೋವಾಗದ ಕಡೆ ನೋಡಬೇಕು ಸಾರ್." ಆಗ ಇದನ್ನು ಬರೀ ವೈದ್ಯಕೀಯ ಸಲಹೆ ಅಂದುಕೊಂಡಿದ್ದೆ.

ಈ ಚರ್ಮದ ಹಿಂದೆ ಒಂದು ಚರಿತ್ರೆಯೇ ಇದೆ ಅಂತ ಆಮೇಲೆ ಓದಿ ತಿಳಿದೆ. ಹಿಂದೆಲ್ಲ ಕರುಳಿನ ತುದಿಯನ್ನು ಚರ್ಮದ ಮಟ್ಟಕ್ಕೇ ಹೊಲಿಯುತ್ತಿದ್ದರು. ಬಂದದ್ದೆಲ್ಲ ಹೊಟ್ಟೆಯ ಮೇಲೆ ಹರಿದು ಸುಡುತ್ತಿತ್ತು. 1952ರಲ್ಲಿ ಇಂಗ್ಲೆಂಡಿನ ಸರ್ಜನ್ ಬ್ರಯಾನ್ ಬ್ರೂಕ್, ಅಂಗಿಯ ತೋಳನ್ನು ಹೊರಕ್ಕೆ ಮಡಚಿದ ಹಾಗೆ ಕರುಳಿನ ತುದಿಯನ್ನು ಮಡಚಿ ಹೊಲಿಯುವ ವಿಧಾನ ಪ್ರಕಟಿಸಿದರು. ಅದರಿಂದ ಒಂದು ಪುಟ್ಟ ಮೂತಿ ಆಗುತ್ತದೆ, ಬರುವುದು ನೇರ ಚೀಲಕ್ಕೆ ಬೀಳುತ್ತದೆ. ನನ್ನದೂ ಅದೇ ಹೊಲಿಗೆ. 1954ರಲ್ಲಿ ಡೆನ್ಮಾರ್ಕಿನ ಎಲಿಸ್ ಸೋರೆನ್‌ಸನ್ ಎಂಬ ನರ್ಸ್ ತನ್ನ ತಂಗಿಗಾಗಿ, ಮೈಗೆ ಅಂಟಿಸಿ ಬಳಸಿ ಬಿಸಾಡುವ ಚೀಲವನ್ನು ಯೋಚಿಸಿದಳು. ಆಪರೇಷನ್ ಆದ ಮೇಲೆ ತಂಗಿ ಸೋರುತ್ತದೆ ಅಂತ ಹೆದರಿ ಮನೆಯಿಂದಾಚೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಅಮೆರಿಕದಲ್ಲಿ ನಾರ್ಮಾ ಗಿಲ್ ಎಂಬಾಕೆಗೆ ನನ್ನದೇ ಕಾಯಿಲೆ, ನನ್ನದೇ ಆಪರೇಷನ್. ಅವಳ ಸರ್ಜನ್ ರೂಪರ್ಟ್ ಟರ್ನ್‌ಬುಲ್ 1958ರಲ್ಲಿ ಅವಳನ್ನೇ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಕೆಲಸಕ್ಕೆ ಕರೆದರು. ಬೇರೆ ರೋಗಿಗಳಿಗೆ ತೊಳೆಯುವುದು, ಅಂಟಿಸುವುದು ಹೇಳಿಕೊಡುವ ಕೆಲಸ. ಸ್ಟೋಮಾ ನರ್ಸಿಂಗ್ ಶುರುವಾಗಿದ್ದು ಹೀಗೆ. ಚರ್ಮ ಸುಡದಂತೆ ಆಗ ಬಳಸುತ್ತಿದ್ದದ್ದು ಕರಾಯ ಎಂಬ ಗೋಂದಿನ ಪುಡಿ. ಅದು ನಮ್ಮ ದೇಶದ ಕಾಡುಗಳಲ್ಲಿ ಆದಿವಾಸಿಗಳು ಮರದ ತೊಗಟೆಗೆ ಗಾಯ ಮಾಡಿ ಇಳಿಸುವ ಗೋಂದು.

ಇವರಲ್ಲಿ ಯಾರೂ ದೂರ ನಿಂತು ಮೂಗು ಮುಚ್ಚಿಕೊಳ್ಳಲಿಲ್ಲ, ಹತ್ತಿರ ಬಂದು ಮುಟ್ಟಿದರು. ನಾನು ಕಂಡ ಶುಚಿತ್ವ ಅಂದರೆ ಇದೇ. ಮಡಿಯ ಲೆಕ್ಕ ಉಲ್ಟಾ. ಮಡಿಯಲ್ಲಿ ಇರುವವರು ಮುಟ್ಟಬಾರದು, ದೂರ ಇರಬೇಕು. ನನ್ನ ಚರ್ಮಕ್ಕೆ ದೂರ ಇರುವವರಿಂದ ಯಾವ ಉಪಯೋಗವೂ ಇಲ್ಲ.

ಈಗ ಊರಿನ ವಿಷಯ. ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ರಾಗಿ, ತೆಂಗು, ನಾಲ್ಕು ದನ. ಅಪ್ಪ ತೀರಿಕೊಂಡು ಐದು ವರ್ಷ ಆಯಿತು. ಮಹಾಲಯ ಅಮಾವಾಸ್ಯೆ ದಿನ ನಮ್ಮ ಕಡೆ ಹಿರಿಯರಿಗೆ ಎಡೆ ಇಕ್ಕುತ್ತೇವೆ. ಅಪ್ಪನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಹೊಸ ಪಂಚೆ ಇಟ್ಟು, ಒಂದು ಕಟ್ಟು ಬೀಡಿಯನ್ನೂ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಆಚೆ ನಿಲ್ಲುತ್ತೇವೆ. ಹಿರಿಯರು ಬಂದು ಉಣ್ಣಲಿ ಅಂತ. ಎಡೆ ಇಕ್ಕುವುದು ದೊಡ್ಡ ಮಗ. ತಲೆಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು.

ಆಪರೇಷನ್ ಆದ ಮೇಲಿನ ಮೊದಲ ವರ್ಷ ಅದು. ಹಿಂದಿನ ರಾತ್ರಿಯೇ ಊರಿಗೆ ಹೋಗಿದ್ದೆ. ಬೆಳಗ್ಗೆ ಬಚ್ಚಲುಮನೆಯಲ್ಲಿ ಹಂಡೆ ಕಾಯುತ್ತಿತ್ತು. ನಮ್ಮ ಬಚ್ಚಲಿಗೆ ಚಿಲಕವಿಲ್ಲ, ಬಾಗಿಲಿಗೆ ಒಂದು ಕಲ್ಲು ಅಡ್ಡ ಇಡಬೇಕು. ನಾನು ಚೊಂಬು ಹಿಡಿದುಕೊಂಡು ಹೊರಟಾಗ ಅಡುಗೆಮನೆಯಲ್ಲಿ ಸೋದರತ್ತೆಯ ಮಾತು ಕೇಳಿಸಿತು. "ಈ ವರ್ಸ ಎಡೆ ಚಿಕ್ಕೋನೆ ಇಕ್ಲಿ ಕನತ್ಗೆ. ದೊಡ್ಡೋನ್ಗೆ ಯಾಕ್ ಸುಮ್ನೆ ತೊಂದ್ರೆ. ಮೈಮ್ಯಾಲೆ ಅದ್ನ ಇಟ್ಕಂಡು..."

ಅತ್ತೆ ಕೆಟ್ಟವರಲ್ಲ. ಆಪರೇಷನ್ ದಿನ ಉಪವಾಸ ಇದ್ದು ಹರಕೆ ಹೊತ್ತವರು ಅವರೇ. ಆ ಮಾತಿನಲ್ಲಿ ಕರುಣೆಯೂ ಇತ್ತು, ಅಂಜಿಕೆಯೂ ಇತ್ತು. ನಾನು ಬಾಗಿಲ ಹಿಂದೆಯೇ ನಿಂತೆ. ನನಗೂ ಅದೇ ಅನ್ನಿಸಿತ್ತು ಅನ್ನೋದು ನಿಜ. ಬಸ್ಸಿನಲ್ಲಿ ಬರುವಾಗ ನಾನೇ ತಮ್ಮನಿಗೆ ಫೋನು ಮಾಡಿ, ನೀನೇ ಇಕ್ಕಿಬಿಡೋ ಅಂತ ಹೇಳಬೇಕೆಂದು ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದ್ದೆ.

ಅವ್ವ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮಣ್ಣ ಏಳ್ ತಿಂಗ್ಳು ಮಲಗಿದ್ನಲ್ಲವ್ವ. ಹೊತ್ತಾರೆದ್ದು ನಾನೇ ಬಳ್ದು, ತೊಳ್ದು, ಅದೇ ಕೈಲಿ ಮುದ್ದೆ ನುಂಗ್ಸಿವ್ನಿ. ಅವತ್ತು ಇಲ್ದಿದ್ ಮೈಲ್ಗೆ ಇವತ್ತೇನು? ತೊಳ್ಕಂಡ್ರೆ ಆಯ್ತು ಕನ್ ಬುಡು."

ಅಷ್ಟೇ. ಅತ್ತೆ ಮತ್ತೆ ಮಾತಾಡಲಿಲ್ಲ.

ಅವ್ವ ಹೇಳಿದ್ದು ಅಕ್ಷರಶಃ ನಿಜ. ಅಪ್ಪನಿಗೆ ಸ್ಟ್ರೋಕ್ ಆಗಿ ಎಡಭಾಗ ಬಿದ್ದುಹೋದ ಮೇಲೆ ಅವ್ವ ಅವನನ್ನು ದಿನಾ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸುತ್ತಿದ್ದಳು. ಬಿಸಿನೀರಿನಲ್ಲಿ ಹಳೇ ಸೀರೆಯ ಬಟ್ಟೆ ಅದ್ದಿ ಒರೆಸುತ್ತಿದ್ದಳು. ಆಮೇಲೆ ಒಣಬಟ್ಟೆಯಲ್ಲಿ ಒತ್ತಿ ಒತ್ತಿ ಪಸೆ ತೆಗೆಯುತ್ತಿದ್ದಳು. ಯಾವ ಕೋರ್ಸಿಗೂ ಹೋಗದೆ, ಉಜ್ಜಬಾರದು ಒತ್ತಬೇಕು ಅಂತ ಅವಳಿಗೆ ಗೊತ್ತಿತ್ತು. ಏಳು ತಿಂಗಳಲ್ಲಿ ಅಪ್ಪನ ಬೆನ್ನಿನಲ್ಲಿ ಒಂದು ಹುಣ್ಣಾಗಲಿಲ್ಲ. ನಾನು ಬೆಂಗಳೂರಿನಲ್ಲಿ ರಿಲೀಸ್ ಇದೆ ಅಂತ ತಿಂಗಳಿಗೊಮ್ಮೆ ಹೋಗುತ್ತಿದ್ದೆ.

ಆವತ್ತು ಹಂಡೆಯ ನೀರಿನಲ್ಲಿ ತಲೆಗೆ ಸ್ನಾನ ಮಾಡಿದೆ. ಹೊಸ ಚೀಲ ಹಾಕಿಕೊಂಡೆ, ಪಂಚೆ ಉಟ್ಟೆ, ಎಡೆ ಇಕ್ಕಿದೆ. ಅಡ್ಡ ಬೀಳುವಾಗ ಹೊಟ್ಟೆ ನೆಲಕ್ಕೆ ಒತ್ತದಂತೆ ಸ್ವಲ್ಪ ಓರೆಯಾಗಿ ಬಿದ್ದೆ. ಅಪ್ಪ ಬೇಜಾರು ಮಾಡಿಕೊಂಡಿರಲಾರ. ಬಾಗಿಲು ಮುಂದೆ ಮಾಡಿಕೊಂಡು ಜಗಲಿಯಲ್ಲಿ ನಿಂತಾಗ, ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನ್ನ ಮೈ ನನ್ನದೇ ಅನ್ನಿಸಿತು.

ಇಲ್ಲಿಗೇ ಮುಗಿಸಿದ್ದರೆ ಇದು ಒಳ್ಳೆಯ ಕಥೆ ಆಗುತ್ತಿತ್ತು. ಆದರೆ ಮಧ್ಯಾಹ್ನ ಉಂಡು ಹಿತ್ತಿಲ ಕಡೆ ಹೋದಾಗ, ಹಳೆಯ ಕಕ್ಕಸಿನ ಗುಂಡಿಯ ಮೇಲೆ ಮುಚ್ಚಿದ ಚಪ್ಪಡಿ ಕಣ್ಣಿಗೆ ಬಿತ್ತು. ಅವ್ವನ ಮಾತು ಇನ್ನೂ ಕಿವಿಯಲ್ಲಿತ್ತು. ತೊಳ್ಕಂಡ್ರೆ ಆಯ್ತು.

ನನಗೆ ಆಗ ಹತ್ತು ವರ್ಷ ಇರಬೇಕು. ಆ ಗುಂಡಿ ತುಂಬಿತ್ತು. ಪೇಟೆಯಿಂದ ಇಬ್ಬರು ಬಂದರು, ಅಪ್ಪ ಮತ್ತು ಮಗ. ಮಗ ನನಗಿಂತ ಐದಾರು ವರ್ಷ ದೊಡ್ಡವನು. ಬಕೀಟು, ಹಗ್ಗ, ಗುದ್ದಲಿ. ಮುಂಬಾಗಿಲಿಂದ ಬರಲಿಲ್ಲ, ಹಿತ್ತಿಲ ಬೇಲಿ ಬಿಡಿಸಿಕೊಟ್ಟೆವು. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಒಬ್ಬ ಗುಂಡಿಯೊಳಗೆ ನಿಂತು ತುಂಬಿಕೊಟ್ಟ, ಇನ್ನೊಬ್ಬ ಎಳೆದ. ಕೆಲಸ ಮುಗಿದ ಮೇಲೆ ಇಬ್ಬರೂ ನಮ್ಮ ಪಂಪ್‌ಸೆಟ್ಟಿನ ಕೆಳಗೆ ಸ್ನಾನ ಮಾಡಿದರು. ಬಹಳ ಹೊತ್ತು ಮಾಡಿದರು. ಕೆಂಪು ಸೋಪಿನ ನೊರೆ ಕಾಲುವೆಯಲ್ಲಿ ತೇಲಿ ಹೋಗುತ್ತಿದ್ದದ್ದು ನೆನಪಿದೆ. ಒಗೆದ ಬಟ್ಟೆ ಹಾಕಿಕೊಂಡು ತಲೆ ಬಾಚಿಕೊಂಡು ಬಂದರು. ಆ ಹೊತ್ತಿಗೆ ಅಲ್ಲಿ ನಿಂತಿದ್ದವರಲ್ಲೆಲ್ಲ ಅವರೇ ಚೊಕ್ಕವಾಗಿದ್ದರು.

ಅಜ್ಜಿ ಅವರಿಗೆ ಬೇಲಿ ಪಕ್ಕ ಎಲೆ ಹಾಕಿಸಿ ಊಟ ಹಾಕಿದಳು. ನೀರು ಕೇಳಿದಾಗ ಚೊಂಬು ಕೊಡಬೇಡ ಅಂತ ನನಗೆ ಕಣ್ಣು ಬಿಟ್ಟಳು. ಅವರು ಬೊಗಸೆ ಒಡ್ಡಿದರು. ನಾನು ಚೊಂಬನ್ನು ಮೇಲೆತ್ತಿ, ತಾಕದ ಹಾಗೆ, ಹುಯ್ದೆ. ಆ ಹುಡುಗ ಕುಡಿದು ಮುಗಿಸಿ ಒಂದು ಸಲ ನನ್ನನ್ನು ನೋಡಿದ. ನನಗೆ ಏನೂ ಅನ್ನಿಸಲಿಲ್ಲ. ನೋವಾಗದ ಕಡೆ ನೋಡಬೇಕು ಅಂತ ಆಗ ಯಾರೂ ಹೇಳಿರಲಿಲ್ಲ.

ಈಗ ಲೆಕ್ಕ ಹಾಕಿ ನೋಡಿ. ಅವರು ಅರ್ಧ ದಿನ ಮುಟ್ಟಿದ್ದು ಬೇರೆಯವರ ಹೊಲಸು. ನಮ್ಮ ಮನೆಯದೇ. ಮುಟ್ಟಿದ ಮೇಲೆ ಸ್ನಾನ ಮಾಡಿದರು. ನಾನೋ ಅದನ್ನು ಇಪ್ಪತ್ನಾಲ್ಕು ಗಂಟೆ ಮೈಗೆ ಅಂಟಿಸಿಕೊಂಡಿರುವವನು. ಎಡೆಯ ಮುಂದೆ ಅಡ್ಡ ಬಿದ್ದಾಗಲೂ ಚೀಲ ಪೂರ್ತಿ ಖಾಲಿ ಇರಲಿಲ್ಲ. ಕೊಳೆಯೇ ಮಾನದಂಡವಾದರೆ ನಾನು ಬೇಲಿ ಪಕ್ಕ ಕೂತು ಉಣ್ಣಬೇಕಿತ್ತು. ಸ್ನಾನವೇ ಮಾನದಂಡವಾದರೆ ಅವರು ನಡುಮನೆಯಲ್ಲಿ ಕೂತು ಉಣ್ಣಬೇಕಿತ್ತು. ಎರಡೂ ಆಗಲಿಲ್ಲ. ಒಂದೇ ಇನ್‌ಪುಟ್‌ಗೆ ಎರಡು ಥರ ಔಟ್‌ಪುಟ್ ಬಂದರೆ ಎಲ್ಲೋ ಇನ್ನೊಂದು ವೇರಿಯಬಲ್ ಅಡಗಿದೆ ಅಂತ ಅರ್ಥ. ಅದು ಯಾವುದು ಅಂತ ಈ ನಾಡಿನಲ್ಲಿ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಕಷ್ಟವೂ ಅವರ ಕಷ್ಟವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಇನ್ನೊಂದು ಅನ್ಯಾಯ. ನನ್ನ ಚೀಲ ಅಂಗಿಯ ಒಳಗೆ ಮರೆಯಾಗುತ್ತದೆ. ನನಗೆ ಇನ್ಶೂರೆನ್ಸ್ ಇದೆ, ಸಾರ್ ಅನ್ನುವ ಸಿಸ್ಟರ್ ಇದ್ದಾರೆ, ಅವ್ವ ಇದ್ದಾಳೆ. ನನ್ನ ಮಗಳಿಗೆ ಇದು ಆಸ್ತಿಯಾಗಿ ಹೋಗಲ್ಲ. ಆ ಹುಡುಗನ ಕೈಗೆ ಹಗ್ಗ ಬಂದಿದ್ದು ಅವನ ಅಪ್ಪನಿಂದ.

ಕಾನೂನುಗಳು ಬಂದಿವೆ. ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲೇ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ನಿಲ್ಲಿಸಿದರು. 1993ರಲ್ಲಿ ಒಂದು ಕೇಂದ್ರ ಕಾಯ್ದೆ, ಅದು ಸಾಲದೆ 2013ರಲ್ಲಿ ಇನ್ನೊಂದು. ಈ ಎರಡರ ನಡುವೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆಗ ನಾನು ಇಂಜಿನಿಯರಿಂಗ್ ಮುಗಿಸುವ ಹೊತ್ತು. ಪೇಪರಿನಲ್ಲಿ ನೋಡಿದ್ದೆ. ಥೂ ಅಂದುಕೊಂಡು ಪುಟ ತಿರುಗಿಸಿದ್ದೆ. ಈಗ ಆ ಥೂ ಯಾರಿಗೆ ಅಂದೆ ಅಂತ ಯೋಚಿಸ್ತೀನಿ. ಸುರಿದುಕೊಂಡವರಿಗೋ, ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದಕ್ಕೋ? ಪ್ರಾಮಾಣಿಕವಾಗಿ ಹೇಳಬೇಕು ಅಂದರೆ ಮೊದಲನೆಯದಕ್ಕೆ.

ಆವತ್ತು ರಾತ್ರಿ ಜಗಲಿಯಲ್ಲಿ ಕೂತು ಅವ್ವನನ್ನು ಕೇಳಿದೆ. "ಅವ್ವ, ಹಿತ್ಲ ಗುಂಡಿ ಎತ್ತಕ್ಕೆ ಬಂದಿದ್ರಲ್ಲ ಅಪ್ಪ ಮಗ, ಗ್ಯಾನ ಅದಾ? ಅವ್ರೂ ತೊಳ್ಕಂಡಿದ್ರಲ್ಲವ್ವ."

ಅವ್ವ ಎಲೆಅಡಿಕೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. ಸುಮಾರು ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಹೂಂ ಕನ್ ಮಗ. ಸೋಪು ನಾನೇ ಕೊಟ್ಟಿದ್ದು" ಅಂದಳು. ಎದ್ದು ಒಳಗೆ ಹೋದಳು.

ಅವ್ವನ ಮೇಲೆ ತಪ್ಪು ಹೊರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಚೊಂಬು ಎತ್ತಿ ಹುಯ್ದದ್ದು ನನ್ನ ಕೈ. ನಾನು ಹೇಳುತ್ತಿರುವುದು ಇಷ್ಟೇ. ಅವಳ ಆ ಒಂದು ಮಾತು ನನ್ನನ್ನು ಎತ್ತಿ ನಿಲ್ಲಿಸಿತು. ತೊಳೆದರೆ ಮೈ ಶುದ್ಧ, ಮುಗಿಯಿತು, ಮುಂದಿನ ಕೆಲಸ ನೋಡು. ನಿನ್ನೆಯ ಕೊಳೆ ಇವತ್ತಿಗೆ ಬರಲ್ಲ, ಅಪ್ಪನ ಕೊಳೆ ಮಗನಿಗೆ ಬರಲ್ಲ. ಇಷ್ಟು ಸರಳವಾದ, ಇಷ್ಟು ದೊಡ್ಡ ಮಾತನ್ನು ನಾವು ನಮ್ಮ ಮನೆಯವರಿಗೆ ಮಾತ್ರ ಕೊಡುತ್ತೇವೆ. ಎಲ್ಲರಿಗೂ ಕೊಡದಿದ್ದರೆ ನನಗೆ ಕೊಟ್ಟದ್ದೂ ಅರ್ಧವೇ. ನಾಳೆ ಯಾರಾದರೂ ಅದನ್ನು ವಾಪಸ್ ಕೇಳಬಹುದು.

ಸರಿ, ಯೋಚನೆ ಆಯಿತು, ಏನು ಮಾಡಿದೆ ಅಂತ ನೀವು ಕೇಳಬಹುದು. ದೊಡ್ಡದೇನೂ ಇಲ್ಲ. ಬೆಂಗಳೂರಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್ ಇದೆ, ಬೇಸ್‌ಮೆಂಟಿನಲ್ಲಿ. ಆರು ವರ್ಷದಿಂದ ಇದ್ದೀನಿ, ಒಂದು ದಿನವೂ ಅಲ್ಲಿಗೆ ಇಳಿದಿರಲಿಲ್ಲ. ಊರಿಂದ ಬಂದ ವಾರ ಇಳಿದೆ. ಅಲ್ಲಿ ಕೆಲಸ ಮಾಡುವವರನ್ನೂ ಹೌಸ್‌ಕೀಪಿಂಗಿನವರನ್ನೂ ಮಾತಾಡಿಸಿದೆ. ಸ್ನಾನ ಎಲ್ಲಿ ಮಾಡ್ತೀರಿ ಅಂತ ಕೇಳಿದೆ. ಮನೇಲಿ ಸಾರ್ ಅಂದರು. ಅಂದರೆ ದಿನವಿಡೀ ಕೆಲಸ ಮಾಡಿ, ಅದೇ ಮೈಯಲ್ಲಿ ಎರಡು ಬಸ್ಸು ಬದಲಾಯಿಸಿ ಹೋಗಿ, ಆಮೇಲೆ. ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುತ್ತಾರೆ ಅಂತ ಒಬ್ಬಾಕೆ ನಗುತ್ತಲೇ ಹೇಳಿದರು. ಸೋರಿಕೆಯ ಭಯ ಇಟ್ಟುಕೊಂಡು ಮೆಟ್ರೋದಲ್ಲಿ ನಿಂತವನಿಗೆ ಆ ನಗು ಗೊತ್ತು.

ಅಸೋಸಿಯೇಷನ್ ಮೀಟಿಂಗಿನಲ್ಲಿ ಎರಡು ವಿಷಯ ಎತ್ತಿದೆ. ಟ್ಯಾಂಕಿನೊಳಗೆ ಮನುಷ್ಯರನ್ನು ಇಳಿಸಬಾರದು, ಎಷ್ಟೇ ಖರ್ಚಾದರೂ ಮೆಷಿನ್ ತರಿಸಬೇಕು. ಕೆಲಸದವರಿಗೆ ಒಂದು ಬಾತ್‌ರೂಮ್, ಬಿಸಿನೀರು, ಸೋಪು ಬೇಕು. ಮೊದಲನೆಯದಕ್ಕೆ ಯಾರೂ ಬೇಡ ಅನ್ನಲಿಲ್ಲ, ಒಳಗೆ ಸತ್ತರೆ ಕೇಸು ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಎರಡನೆಯದಕ್ಕೆ ಒಬ್ಬರು, "ಟ್ಯಾಂಕರ್ ನೀರಿನ ರೇಟ್ ಗೊತ್ತಾ ನಿಮಗೆ?" ಅಂದರು. ಇನ್ನೊಬ್ಬರು, "ಅವರಿಗೆ ಅಭ್ಯಾಸ ಆಗಿರುತ್ತೆ ಬಿಡಿ" ಅಂದರು. ಚರ್ಮಕ್ಕೆ ಅಭ್ಯಾಸ ಆಗಲ್ಲ ಸಾರ್ ಅಂತ ನಾನು ಎದ್ದು ನಿಂತು ಹೇಳಿದೆ. ನಿಮಗೆ ಹೇಗೆ ಗೊತ್ತು ಅಂತ ಕೇಳಿದರು. ಹೇಳಿದೆ. ಆವತ್ತಿನವರೆಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಚೀಲದ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಕೆಲವರು ಕೈ ಕುಲುಕಿದರು. ಒಬ್ಬರು ಕುಲುಕಲು ಚಾಚಿದ ಕೈಯನ್ನು ನಮಸ್ಕಾರಕ್ಕೆ ತಿರುಗಿಸಿದರು. ನನಗೆ ಸಿಟ್ಟು ಬರಲಿಲ್ಲ. ಆ ಕೈಯನ್ನು ನಾನು ಗುರುತಿಸಬಲ್ಲೆ. ಚೊಂಬು ಎತ್ತಿ ಹಿಡಿದ ಕೈ ಅದು.

ಬಾತ್‌ರೂಮ್ ಆಗಿದೆ. ಗೇಟಿನ ಹಿಂದೆ, ಗಂಡಸರಿಗೊಂದು ಹೆಂಗಸರಿಗೊಂದು. ಸದ್ಯಕ್ಕೆ ತಣ್ಣೀರು. ಗೀಸರ್ ಮುಂದಿನ ಬಜೆಟ್ಟಿಗೆ ಅಂದಿದ್ದಾರೆ. ನಾನು ಪ್ರತಿ ಮೀಟಿಂಗಿನಲ್ಲೂ ಕೇಳ್ತಿದ್ದೀನಿ.

ಇವತ್ತು ಬದಲಾಯಿಸುವ ದಿನ. ಐದೂವರೆಗೆ ಎದ್ದೆ. ಹಳೆಯದನ್ನು ನಿಧಾನಕ್ಕೆ ಬಿಡಿಸಿದೆ, ಬೆಚ್ಚಗಿನ ನೀರು ಬಿಟ್ಟುಕೊಂಡೆ. ಚರ್ಮ ಚೆನ್ನಾಗಿದೆ, ಒಂದು ಕಡೆ ಮಾತ್ರ ಸ್ವಲ್ಪ ಕೆಂಪು. ಅಲ್ಲಿ ಪೌಡರ್ ಉದುರಿಸಿ ಹೆಚ್ಚಾದದ್ದನ್ನು ಕೊಡವಿದೆ. ಹೊಸದನ್ನು ಅಂಟಿಸಿ ಅಂಗೈ ಒತ್ತಿ ಹಿಡಿದುಕೊಂಡು ಕಿಟಕಿಯಿಂದ ನೋಡಿದರೆ, ಕೆಳಗೆ ರಾತ್ರಿ ಪಾಳಿ ಮುಗಿಸಿದವರೊಬ್ಬರು ತಲೆ ಒರೆಸಿಕೊಳ್ಳುತ್ತಾ ಗೇಟಿನ ಕಡೆ ಹೋಗುತ್ತಿದ್ದರು. ಅವರದೂ ಆಯ್ತು, ನನ್ನದೂ ಆಯ್ತು.